ಗಂಜಿನ ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಹಾರ್ಡ್‌ಡಿಸ್ಕ್ ಪಾಲು ಮಾಡಿ ಫಾರ್ಮ್ಯಾಟ್ ಮಾಡುವ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ರಾಯಚೂರಿನ ರಾಜೇಂದ್ರ ಗಂಜಿನ ದಲ್ಲಾಳಿ ಅಂಗಡಿಗಳಿಂದ ಹಿಡಿದು ಸಿಂಧನೂರು, ಮಾನ್ವಿಯ ಅಕ್ಕಿ ಗಿರಣಿಗಳ ಕಚೇರಿಯವರೆಗೆ ಒಂದೇ ಪ್ರಶ್ನೆ: ಈ ಕಂಪ್ಯೂಟರನ್ನು ಏನು ಮಾಡುವುದು? ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ. ಯಂತ್ರವೇನೋ ಗಟ್ಟಿಮುಟ್ಟಾಗಿದೆ, ಗುಜರಿಗೆ ಹಾಕಲು ಮನಸ್ಸು ಬಾರದು. ವಿಂಡೋಸಿನಂತೆಯೇ ಯಂತ್ರ ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತದೆ.

ಲಿನಕ್ಸ್ ಹಾಕುವುದು ಚಹಾ ಕುಡಿದು ಬರುವಷ್ಟರಲ್ಲಿ ಆಗುವ ಕೆಲಸ. ಜನ ಹೆದರುವುದು ಅದಕ್ಕಿಂತ ಮುಂಚಿನ ಹೆಜ್ಜೆಗೆ, ಎಂದರೆ ಹಾರ್ಡ್‌ಡಿಸ್ಕನ್ನು ಪಾಲು ಮಾಡಿ ಫಾರ್ಮ್ಯಾಟ್ ಮಾಡುವುದಕ್ಕೆ. ಹೆದರಿಕೆಗೆ ಅರ್ಥವಿಲ್ಲದಿಲ್ಲ; ತಪ್ಪು ಪಾಲು (ಪಾರ್ಟಿಷನ್) ಆರಿಸಿದರೆ ವರ್ಷಗಳ ಲೆಕ್ಕಪತ್ರ ಹೋಗಬಹುದು. ಆದರೆ ಇಡೀ ಕೆಲಸದಲ್ಲಿ ಹಿಂದಕ್ಕೆ ಬರಲಾಗದ ಕ್ಷಣಗಳು ಮೂರೇ ಮೂರು. ಉಳಿದ ಹೊತ್ತೆಲ್ಲ ನೀವು ಪರದೆಯ ಮೇಲೆ ಲೆಕ್ಕ ಹಾಕುತ್ತಿರುತ್ತೀರಿ, ಡಿಸ್ಕಿಗೆ ಏನೂ ಆಗುತ್ತಿರುವುದಿಲ್ಲ. ಆ ಮೂರು ಕ್ಷಣಗಳು ಬಂದಲ್ಲಿ ಎಚ್ಚರಿಸುತ್ತಾ ಹೋಗುತ್ತೇನೆ.

ಉದಾಹರಣೆಯ ಯಂತ್ರ

ಬರಿ ಸಿದ್ಧಾಂತ ಹೇಳುವುದಕ್ಕಿಂತ ಒಂದು ಯಂತ್ರವನ್ನೇ ಎದುರಿಗಿಟ್ಟುಕೊಳ್ಳೋಣ. ಹತ್ತಿಯ ದಲ್ಲಾಳಿ ಅಂಗಡಿಯ ಡೆಸ್ಕ್‌ಟಾಪ್: 500 ಜಿಬಿ ಹಾರ್ಡ್‌ಡಿಸ್ಕ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಸಿ ಡ್ರೈವ್‌ನಲ್ಲಿ ವಿಂಡೋಸ್, ಡಿ ಡ್ರೈವ್‌ನಲ್ಲಿ ಗುಮಾಸ್ತರ ಲೆಕ್ಕ, ಬಿಲ್ಲುಗಳು, ಸಾಹುಕಾರರ ಮಗಳ ಮದುವೆಯ ಫೋಟೊಗಳು. ಲೆಕ್ಕದ ಸಾಫ್ಟ್‌ವೇರ್ ವಿಂಡೋಸಿನಲ್ಲೇ ನಡೆಯುವುದರಿಂದ ಅದನ್ನು ತೆಗೆಯುವಂತಿಲ್ಲ. ಇಂಟರ್ನೆಟ್, ಬ್ಯಾಂಕ್, ಪತ್ರವ್ಯವಹಾರ ಲಿನಕ್ಸಿಗೆ. ಹಾಕಲಿರುವುದು ಲಿನಕ್ಸಿನ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್ 22. ಹೊಸಬರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಡಬ್ಬಿಯ ಮೇಲೆ 500 ಎಂದಿದ್ದ ಡಿಸ್ಕ್ ಪರದೆಯಲ್ಲಿ 465 ಎಂದು ಕಾಣುತ್ತದೆ. ಯಾರೂ ಮೋಸ ಮಾಡಿಲ್ಲ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. 1024ರ ಲೆಕ್ಕದ ಅಳತೆಗೆ ಲಿನಕ್ಸಿನಲ್ಲಿ ಜಿಐಬಿ, ಎಂಐಬಿ ಎಂಬ ಬೇರೆ ಹೆಸರುಗಳಿವೆ. ಈ ವ್ಯತ್ಯಾಸ ಮುಂದೆ ಇನ್‌ಸ್ಟಾಲರ್ ಪರದೆಯಲ್ಲಿ ಮತ್ತೆ ಎದುರಾಗುತ್ತದೆ.

ಮೊದಲು ನಕಲು

ಡಿ ಡ್ರೈವ್‌ನಲ್ಲಿರುವುದೆಲ್ಲ ಹೊರಗಿನ ಡಿಸ್ಕಿಗೆ ಹೋಗಬೇಕು. ಸಿ ಡ್ರೈವ್‌ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳೂ ಹೋಗಬೇಕು, ಏಕೆಂದರೆ ಗುಮಾಸ್ತರು ಎಲ್ಲವನ್ನೂ ಡಿ ಡ್ರೈವ್‌ಗೆ ಹಾಕಿದ್ದೇನೆ ಎಂದು ಹೇಳಿದರೂ ನಾಲ್ಕು ಮುಖ್ಯ ಫೈಲುಗಳು ಡೆಸ್ಕ್‌ಟಾಪಿನ ಮೇಲೆಯೇ ಬಿದ್ದಿರುತ್ತವೆ. ಲೆಕ್ಕದ ಸಾಫ್ಟ್‌ವೇರಿನೊಳಗಿನ ಬ್ಯಾಕಪ್ ಆಯ್ಕೆಯನ್ನು ಪ್ರತ್ಯೇಕವಾಗಿ ಬಳಸಿ. ನಕಲಾದ ಮೇಲೆ ಎರಡು ಮೂರು ಫೈಲುಗಳನ್ನು ಹೊರಗಿನ ಡಿಸ್ಕಿನಿಂದಲೇ ತೆರೆದು ನೋಡಿ. ಆಮೇಲೆ ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಲಿನಕ್ಸ್ ಹಾಕಿ ಮುಗಿಯುವವರೆಗೆ ಅದು ಯಂತ್ರದ ಹತ್ತಿರವೂ ಬರಕೂಡದು. ಚುಚ್ಚಿರದ ಡಿಸ್ಕನ್ನು ತಪ್ಪಾಗಿ ಅಳಿಸಲು ಯಾರಿಂದಲೂ ಸಾಧ್ಯವಿಲ್ಲ.

ವಿಂಡೋಸಿನಲ್ಲೇ ಮುಗಿಸಬೇಕಾದ ಕೆಲಸ

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ ‘ಎಂಎಸ್‌ಇನ್ಫೋ32’ ಎಂದು ಟೈಪ್ ಮಾಡಿ. (ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಒತ್ತುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳು.) ಬಯಾಸ್ ಮೋಡ್ ಎಂಬ ಸಾಲಿನಲ್ಲಿ ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ ಬರೆದಿಟ್ಟುಕೊಳ್ಳಿ. ಮೊದಲನೆಯದು ಯಂತ್ರ ಏಳುವ ಹೊಸ ವಿಧಾನ, ಎರಡನೆಯದು ಹಳೆಯದು. ವಿಂಡೋಸ್ ಯಾವ ವಿಧಾನದಲ್ಲಿ ಏಳುತ್ತದೆಯೋ ಲಿನಕ್ಸ್ ಪೆನ್‌ಡ್ರೈವ್ ಕೂಡ ಅದೇ ವಿಧಾನದಲ್ಲಿ ಏಳಬೇಕು. ಎರಡೂ ಒಂದೊಂದು ದಾರಿ ಹಿಡಿದರೆ ಆಮೇಲೆ ಒಂದು ಏಳುವಾಗ ಇನ್ನೊಂದು ಕಾಣುವುದಿಲ್ಲ. ನಮ್ಮ ಯಂತ್ರ ಯುಇಎಫ್‌ಐ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆಗಣ್ಣು ತೆರೆದಿರುತ್ತದೆ. ಆ ಸ್ಥಿತಿಯಲ್ಲಿ ಅದರ ಡ್ರೈವ್‌ಗಳಿಗೆ ಲಿನಕ್ಸಿನಿಂದ ಬರೆಯುವುದು ಅಪಾಯ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗೆ ಸಂಬಂಧಿಸಿದ ಕೊಂಡಿ ತೆರೆದು ಅದರ ಟಿಕ್ ತೆಗೆಯಿರಿ. ಲ್ಯಾಪ್‌ಟಾಪ್ ಆಗಿದ್ದರೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಸೌಲಭ್ಯ) ಚಾಲೂ ಇದೆಯೇ ನೋಡಿ. ಅದು ಮಾಲೀಕರಿಗೆ ಗೊತ್ತಿಲ್ಲದೆಯೇ ಚಾಲೂ ಇರುವುದುಂಟು. ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಂಡ ಹೊರತು ಮುಂದಕ್ಕೆ ಹೋಗಬೇಡಿ.

ಈಗ ಜಾಗ ಮಾಡುವುದು. ವಿಂಡೋಸ್ ಕೀ ಮತ್ತು ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ನಮ್ಮ ಡಿಸ್ಕಿನಲ್ಲಿ ಯಂತ್ರ ಏಳಲು ಬೇಕಾದ 100 ಎಂಬಿಯ ಇಎಫ್‌ಐ ಪಾರ್ಟಿಷನ್, ಸುಮಾರು 180 ಜಿಬಿಯ ಸಿ, ಅರ್ಧ ಜಿಬಿಯ ರಿಕವರಿ, ಸುಮಾರು 285 ಜಿಬಿಯ ಡಿ ಇವೆ. ಮೈಕ್ರೋಸಾಫ್ಟ್ ಕಾದಿಟ್ಟ 16 ಎಂಬಿಯ ತುಂಡೊಂದು ಈ ಪರದೆಯಲ್ಲಿ ಕಾಣದಿದ್ದರೂ ಇರುತ್ತದೆ. ಡಿ ಡ್ರೈವ್‌ನಲ್ಲಿ ತುಂಬಿರುವುದು 90 ಜಿಬಿ ಮಾತ್ರ, ಹಾಗಾಗಿ ಅದರಿಂದ 150 ತೆಗೆದುಕೊಳ್ಳೋಣ. ಸಿ ಡ್ರೈವ್‌ನಿಂದ ಏಕೆ ಬೇಡ? ಅದರೊಳಗೆ ಪೇಜ್‌ಫೈಲ್‌ನಂತಹ (ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಫೈಲ್), ಜಾಗ ಬಿಟ್ಟು ಕದಲದ ಫೈಲುಗಳಿರುತ್ತವೆ. ಎಷ್ಟೇ ಖಾಲಿ ಇದ್ದರೂ ಅವುಗಳಿಂದ ಈಚೆಗೆ ಕುಗ್ಗಿಸಲು ವಿಂಡೋಸ್ ಒಪ್ಪುವುದಿಲ್ಲ.

ಡಿ ಮೇಲೆ ಬಲಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಆರಿಸಿ. ಅದು ಕೇಳುವುದು ಎಂಬಿ ಲೆಕ್ಕ: 150ನ್ನು 1024ರಿಂದ ಗುಣಿಸಿ 153600 ಎಂದು ತುಂಬಿ. ಮುಗಿದ ಮೇಲೆ ಡಿ ಪಕ್ಕದಲ್ಲಿ ಕಪ್ಪು ಪಟ್ಟಿಯ ಅಡಿ 150 ಜಿಬಿ ಅನ್‌ಅಲೊಕೇಟೆಡ್ ಎಂದು ಕಾಣುತ್ತದೆ. ಅದನ್ನು ಹಾಗೆಯೇ ಬಿಡಿ. ಇಲ್ಲಿ ಹೊಸ ವಾಲ್ಯೂಮ್ ಮಾಡುವ ಅಗತ್ಯವಿಲ್ಲ. ಮನಸ್ಸು ಬದಲಾದರೆ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿ ಜಾಗವನ್ನು ಡಿ ಡ್ರೈವ್‌ಗೇ ಮರಳಿಸಬಹುದು, ಆದ್ದರಿಂದ ಇದು ನಮ್ಮ ಮೂರು ಕ್ಷಣಗಳಲ್ಲಿ ಸೇರಿಲ್ಲ. ಆದರೆ ಕುಗ್ಗಿಸುವ ಕೆಲಸ ನಡೆದಿರುವಾಗ ಕರೆಂಟ್ ಹೋದರೆ ಕಷ್ಟ. ಶಕ್ತಿನಗರದ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ ನಿಜ, ಹಾಗೆಂದು ಮೇ ತಿಂಗಳ ಸಂಜೆ ಗಾಳಿ ಎದ್ದಾಗ ದೀಪ ಆರದಿರುವುದಿಲ್ಲ. ಯುಪಿಎಸ್ ಇಲ್ಲದ ಯಂತ್ರಕ್ಕೆ ಮೋಡ ಕವಿದ ದಿನ ಕೈ ಹಾಕಬೇಡಿ.

ಪೆನ್‌ಡ್ರೈವ್: ಮೊದಲ ಕ್ಷಣ

8 ಜಿಬಿಯ ಪೆನ್‌ಡ್ರೈವ್ ಸಾಕು. ಮಿಂಟ್‌ನ ಐಎಸ್‌ಒ ಫೈಲನ್ನು (ಇಡೀ ಮಿಂಟ್ ಇರುವ ಒಂದೇ ಫೈಲ್) ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತದೊಂದಿಗೆ (ಫೈಲು ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಗುರುತು) ತಾಳೆ ನೋಡಿ, ರೂಫಸ್ ಎಂಬ ಸಾಧನ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. ಪಾರ್ಟಿಷನ್ ಸ್ಕೀಮ್ ಎಂಬಲ್ಲಿ ಯುಇಎಫ್‌ಐ ಯಂತ್ರಕ್ಕೆ ಜಿಪಿಟಿ (ಪಾಲುಗಳ ಪಟ್ಟಿ ಇಡುವ ಹೊಸ ವಿಧಾನ) ಆರಿಸಿ. ಸ್ಟಾರ್ಟ್ ಒತ್ತಿದ ಮೇಲೆ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಹೋಯಿತು. ಹಿಂದಕ್ಕೆ ಬರಲಾಗದ ಮೊದಲ ಕ್ಷಣ ಇದು, ಮೂರರಲ್ಲಿ ಸಣ್ಣದು.

ಯಂತ್ರ ಏಳುವಾಗ ಬೂಟ್ ಮೆನು ತೆರೆಯುವ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಎಫ್9, ಎಫ್11, ಎಫ್12 ಇವುಗಳಲ್ಲೊಂದು ಸಾಮಾನ್ಯ. ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಹೆಸರಿನ ಮುಂದೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ.

ಡಿಸ್ಕಿನ ಆರೋಗ್ಯ, ಡಿಸ್ಕಿನ ಗುರುತು

ಪೆನ್‌ಡ್ರೈವ್‌ನಿಂದಲೇ ನಡೆಯುವ ಲೈವ್ ಮಿಂಟ್ ತೆರೆದುಕೊಂಡಾಗ ಡೆಸ್ಕ್‌ಟಾಪಿನ ಮೇಲಿರುವ ಇನ್‌ಸ್ಟಾಲ್ ಚಿಹ್ನೆಗೆ ಕೈ ಹೋಗುವುದು ಸಹಜ. ತಡೆಯಿರಿ. ಮೆನುವಿನಿಂದ ಡಿಸ್ಕ್ಸ್ ಎಂಬ ಸಾಧನ ತೆರೆದು, ಎಡಗಡೆ ಹಾರ್ಡ್‌ಡಿಸ್ಕ್ ಆರಿಸಿ, ಮೂರು ಚುಕ್ಕಿಗಳ ಮೆನುವಿನಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ದಾಖಲೆ) ನೋಡಿ. ರೀಅಲೊಕೇಟೆಡ್ ಸೆಕ್ಟರ್ ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ ಸಾಲುಗಳಲ್ಲಿ ಸೊನ್ನೆ ಇದ್ದರೆ ನೆಮ್ಮದಿ. ಪೆಂಡಿಂಗ್ ಸಾಲಿನಲ್ಲಿ ಸಂಖ್ಯೆ ಇದೆ ಎಂದರೆ ಓದಲು ಬಾರದ ಜಾಗಗಳು ಈಗಾಗಲೇ ಹುಟ್ಟಿಕೊಂಡಿವೆ. ಅಂತಹ ಡಿಸ್ಕಿಗೆ ಲಿನಕ್ಸ್ ಹಾಕುವುದು ವ್ಯರ್ಥ, ಹೊಸ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳ ಡಿಸ್ಕ್) ತರಿಸಿ. ಉಷ್ಣತೆಯ ಸಾಲನ್ನೂ ನೋಡಿ. ಬಹುತೇಕ ಹಾರ್ಡ್‌ಡಿಸ್ಕುಗಳಿಗೆ ತಯಾರಕರು ಹಾಕುವ ಮಿತಿ 60 ಡಿಗ್ರಿ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಕೋಣೆಯೇ 40 ದಾಟಿರುತ್ತದೆ. ಅದರ ಮೇಲೆ ಫ್ಯಾನಿನ ಜಾಲರಿಗೆ ಹತ್ತಿಯ ಎಳೆ ಕಂಬಳಿಯಂತೆ ಮೆತ್ತಿಕೊಂಡಿದ್ದರೆ ಮಿತಿ ಮುಟ್ಟಲು ತಡವಾಗದು. ಪೆಟ್ಟಿಗೆ ಬಿಚ್ಚಿ ಒಮ್ಮೆ ದೂಳು ಹೊಡೆದೇ ಕೆಲಸ ಆರಂಭಿಸಿ.

ಗುರುತಿನ ವಿಷಯದಲ್ಲಿ ಹೆಸರನ್ನು ನಂಬಬೇಡಿ, ಅಳತೆಯನ್ನು ನಂಬಿ. ಲಿನಕ್ಸಿನಲ್ಲಿ ಸಾಟಾ ಡಿಸ್ಕ್ ಎಸ್‌ಡಿಎ, ಎಸ್‌ಡಿಬಿ ಎಂದು ಬರುತ್ತದೆ. ಅದರ ಪಾಲುಗಳು ಎಸ್‌ಡಿಎ1, ಎಸ್‌ಡಿಎ2. ಹೊಸ ಎನ್‌ವಿಎಂಇ ಎಸ್‌ಎಸ್‌ಡಿಯಾದರೆ ಎನ್‌ವಿಎಂಇ0ಎನ್1 ಎಂಬ ಉದ್ದದ ಹೆಸರು, ಅದರ ಮೊದಲ ಪಾಲಿಗೆ ಕೊನೆಯಲ್ಲಿ ಪಿ1. ಪೆನ್‌ಡ್ರೈವ್ ಕೂಡ ಎಸ್‌ಡಿ ಸಾಲಿನಲ್ಲೇ ಬರುತ್ತದೆ, ಇಂದು ಎಸ್‌ಡಿಬಿ ಆಗಿದ್ದದ್ದು ನಾಳೆ ಎಸ್‌ಡಿಎ ಆಗಲೂಬಹುದು. ಟರ್ಮಿನಲ್ ತೆರೆದು ‘ಸುಡೊ ಎಫ್‌ಡಿಸ್ಕ್ -ಎಲ್’ ಕೊಡಿ. 465.76 ಜಿಐಬಿ ಎಂದು ತೋರುವುದು ನಮ್ಮ ಡಿಸ್ಕ್. ಆ ಪರದೆಯಲ್ಲಿ ಪ್ರತಿ ಪಾರ್ಟಿಷನ್ನಿನ ಆರಂಭ ಮತ್ತು ಅಂತ್ಯದ ಸೆಕ್ಟರ್ ಸಂಖ್ಯೆಗಳೂ ಇರುತ್ತವೆ. ಮೊಬೈಲಿನಲ್ಲಿ ಅದರ ಸ್ಪಷ್ಟ ಫೋಟೊ ತೆಗೆದುಕೊಳ್ಳಿ.

ಆ ಫೋಟೊ ಏಕೆಂದರೆ, ಪಾರ್ಟಿಷನ್ ಟೇಬಲ್ ಎಂಬುದು ಹೊಲದ ಪಹಣಿ ಇದ್ದಂತೆ. ಪಹಣಿ ಹರಿದುಹೋದರೆ ಹೊಲವೂ ಬೆಳೆಯೂ ಅಲ್ಲೇ ಇರುತ್ತವೆ, ಎಲ್ಲಿಂದ ಎಲ್ಲಿಗೆ ಯಾರದ್ದು ಎಂಬುದು ಮಾತ್ರ ತಿಳಿಯದಾಗುತ್ತದೆ. ಪಾರ್ಟಿಷನ್ ಅಳಿಸಿದರೂ ಹಾಗೆಯೇ, ಅದರ ಮೇಲೆ ಬೇರೇನೂ ಬರೆಯದಿದ್ದರೆ ಅದೇ ಸೆಕ್ಟರ್ ಸಂಖ್ಯೆಗಳನ್ನು ಕೊಟ್ಟು ಗಡಿಯನ್ನು ಮರಳಿ ಎಳೆಯಬಹುದು. ಟೆಸ್ಟ್‌ಡಿಸ್ಕ್ ಎಂಬ ಸಾಧನ ಆ ಗಡಿಗಳನ್ನು ತಾನೇ ಹುಡುಕುತ್ತದೆ. ಫಾರ್ಮ್ಯಾಟ್ ಮಾಡಿದರೆ ಮಾತು ಬೇರೆ, ಹೊಸ ಫೈಲ್ ಸಿಸ್ಟಮ್ (ಪಾಲಿನೊಳಗೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ತನ್ನ ಕೋಷ್ಟಕಗಳನ್ನು ಹಳೆಯದರ ಮೇಲೆಯೇ ಬರೆದುಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ಇನ್ನೂ ಕಠಿಣ: ಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್ ಸಿಸ್ಟಮ್ಮಿಗೆ ಫಾರ್ಮ್ಯಾಟ್ ಮಾಡುವಾಗ ಆ ಜಾಗವೆಲ್ಲ ಖಾಲಿ ಎಂದು ಎಸ್‌ಎಸ್‌ಡಿಗೆ ತಿಳಿಸಲಾಗುತ್ತದೆ, ಆಮೇಲೆ ಹಳೆಯ ಫೈಲು ಸಿಗುವ ಆಸೆ ಬಿಡಬೇಕು.

ಯಾರಿಗೆ ಎಷ್ಟು

ಹಳೆಯ ಪುಸ್ತಕಗಳಲ್ಲಿ ರೂಟ್, ಬೂಟ್, ಹೋಮ್, ವರ್, ಸ್ವಾಪ್ ಎಂದು ಐದಾರು ಪಾಲು ಮಾಡಿಸುತ್ತಾರೆ. ಅಂಗಡಿಯ ಯಂತ್ರಕ್ಕೆ ಅಷ್ಟು ಬೇಡ. ಒಂದರಲ್ಲಿ ಜಾಗ ಮುಗಿದು ಪಕ್ಕದ್ದರಲ್ಲಿ ಖಾಲಿ ಬಿದ್ದಿರುವ ತಾಪತ್ರಯ ಅದರಿಂದಲೇ ಬರುವುದು. ನನ್ನ ಲೆಕ್ಕ ಎರಡೇ ಪಾಲು.

ರೂಟ್, ಎಂದರೆ ಲಿನಕ್ಸ್ ವ್ಯವಸ್ಥೆಯೇ ಕೂರುವ, ಒಂಟಿ ಓರೆಗೆರೆಯ (/) ಗುರುತಿನದು, 50 ಜಿಐಬಿ. ಮಿಂಟ್‌ಗೆ ಕನಿಷ್ಠ 20 ಸಾಕೆಂದು ಅವರೇ ಹೇಳುತ್ತಾರೆ, ಆದರೆ ಅಪ್‌ಡೇಟ್‌ಗಳು, ಹಳೆಯ ಕರ್ನೆಲ್‌ಗಳು (ಲಿನಕ್ಸಿನ ತಿರುಳು), ಫ್ಲಾಟ್‌ಪ್ಯಾಕ್ ಎಂಬ ಬಗೆಯ ಆ್ಯಪ್‌ಗಳು ಸೇರುತ್ತಾ ಹೋದಂತೆ 20 ಸಾಲದು. ಉಳಿದ 100 ಜಿಐಬಿ /ಹೋಮ್‌ಗೆ. ಬಳಕೆದಾರರ ಫೈಲುಗಳೂ ಸೆಟ್ಟಿಂಗುಗಳೂ ಇರುವುದು ಇಲ್ಲಿ. ಇದನ್ನು ಬೇರೆ ಇಡುವ ಲಾಭ ಇನ್ನೆರಡು ವರ್ಷಕ್ಕೆ ತಿಳಿಯುತ್ತದೆ: ಲಿನಕ್ಸ್ ಮತ್ತೆ ಹಾಕುವ ಪ್ರಸಂಗ ಬಂದರೆ ರೂಟನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ಹೋಮ್ ಅನ್ನು ಮುಟ್ಟದೆ ಬಿಡಬಹುದು.

ಸ್ವಾಪ್‌ಗೆ, ಎಂದರೆ ರ‍್ಯಾಮ್ ತುಂಬಿದಾಗ ಬಳಸುವ ಡಿಸ್ಕಿನ ಜಾಗಕ್ಕೆ, ಪ್ರತ್ಯೇಕ ಪಾಲು ಕೊಟ್ಟಿಲ್ಲ. ಸ್ವಾಪ್ ಪಾರ್ಟಿಷನ್ ಕಾಣದಿದ್ದರೆ ಮಿಂಟ್ ರೂಟ್‌ನೊಳಗೆ ತಾನೇ ಒಂದು ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ, 8 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಅದು ಸಾಕು. ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಬಂದ್ ಮಾಡುವ ಹೈಬರ್ನೇಟ್ ಬೇಕೇ ಬೇಕು ಎನ್ನುವವರು ಮಾತ್ರ ರ‍್ಯಾಮ್‌ನಷ್ಟೇ ದೊಡ್ಡ ಸ್ವಾಪ್ ಪಾರ್ಟಿಷನ್ ಮಾಡಿಕೊಳ್ಳಬೇಕು.

ಫೈಲ್ ಸಿಸ್ಟಮ್ ಎರಡಕ್ಕೂ ಎಕ್ಸ್‌ಟಿ4. 2008ರ ಡಿಸೆಂಬರಿನಿಂದ ಲಿನಕ್ಸ್ ಕರ್ನೆಲ್‌ನಲ್ಲಿ ಸ್ಥಿರವೆಂದು ಸೇರಿರುವ ಇದಕ್ಕೆ ಜರ್ನಲ್ (ಬದಲಾವಣೆಗಳನ್ನು ಬರೆದಿಡುವ ದಿನಚರಿ) ಇದೆ. ಏಕಾಏಕಿ ಕರೆಂಟ್ ಹೋದರೂ ಮತ್ತೆ ಏಳುವಾಗ ಫೈಲ್ ಸಿಸ್ಟಮ್ಮಿನ ರಚನೆಯನ್ನು ಸರಿಪಡಿಸಿಕೊಳ್ಳುತ್ತದೆ. ಸೇವ್ ಮಾಡದ ಬಿಲ್ಲು ಮಾತ್ರ ಹೋದಂತೆಯೇ. ಲಿನಕ್ಸಿನ ಇನ್ನೊಂದು ಬಗೆಯಾದ ಫೆಡೋರಾದವರು 2020ರಿಂದ ಡೆಸ್ಕ್‌ಟಾಪಿಗೆ ಬಿಟಿಆರ್‌ಎಫ್‌ಎಸ್ ಕೊಡುತ್ತಿದ್ದಾರೆ, ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಗೆ ಮರಳಲು ಇಟ್ಟುಕೊಳ್ಳುವ ನಕಲು) ಬೇಕಾದವರಿಗೆ ಅದೂ ಒಳ್ಳೆಯದು. ಎಕ್ಸ್‌ಎಫ್‌ಎಸ್ ಎಂಬ ಮತ್ತೊಂದು ಫೈಲ್ ಸಿಸ್ಟಮ್ಮನ್ನು ಆಮೇಲೆ ಕುಗ್ಗಿಸಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಬೇಡ. ಡಿ ಡ್ರೈವ್ ವಿಂಡೋಸಿನ ಎನ್‌ಟಿಎಫ್‌ಎಸ್ ಆಗಿಯೇ ಉಳಿಯಲಿ, ಎರಡೂ ಕಡೆಯಿಂದ ಓದಿ ಬರೆಯಬಹುದು.

ಜಿಪಾರ್ಟೆಡ್: ಎರಡನೆಯ ಕ್ಷಣ

ಲೈವ್ ಮಿಂಟ್‌ನ ಮೆನುವಿನಿಂದ, ಪಾಲು ಮಾಡುವ ಸಾಧನವಾದ ಜಿಪಾರ್ಟೆಡ್ ತೆರೆಯಿರಿ. ಬಲ ಮೂಲೆಯಲ್ಲಿ ಎಸ್‌ಡಿಎ (465.76 ಜಿಐಬಿ) ಇದೆಯೇ ಖಚಿತಪಡಿಸಿಕೊಳ್ಳಿ. ಯಾವುದಾದರೂ ಪಾಲಿನ ಪಕ್ಕದಲ್ಲಿ ಬೀಗದ ಕೈಯ ಚಿತ್ರವಿದ್ದರೆ ಅದು ಬಳಕೆಯಲ್ಲಿದೆ ಎಂದರ್ಥ, ಬಲಗುಂಡಿ ಒತ್ತಿ ಅನ್‌ಮೌಂಟ್ ಮಾಡಿ. ಬೂದು ಬಣ್ಣದ 150 ಜಿಐಬಿ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ನ್ಯೂ ಆರಿಸಿ. ನ್ಯೂ ಸೈಜ್‌ನಲ್ಲಿ 51200, ಅಲೈನ್ ಟು ಎಂಬಲ್ಲಿ ಎಂಐಬಿ (ಅದು ಮೊದಲೇ ಇರುತ್ತದೆ, ಬದಲಿಸಬೇಡಿ), ಫೈಲ್ ಸಿಸ್ಟಮ್ ಎಕ್ಸ್‌ಟಿ4. ಉಳಿದ ಜಾಗಕ್ಕೆ ಮತ್ತೊಮ್ಮೆ ನ್ಯೂ, ಅಳತೆ ಬಂದಷ್ಟು, ಮತ್ತೆ ಎಕ್ಸ್‌ಟಿ4.

ಲೇಬಲ್ ತಪ್ಪದೆ ಕೊಡಿ. ಮೊದಲನೆಯದಕ್ಕೆ ಮಿಂಟ್‌ರೂಟ್, ಎರಡನೆಯದಕ್ಕೆ ಮಿಂಟ್‌ಹೋಮ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡದಲ್ಲಿ ಕೊಡುವ ಆಸೆ ನನಗೂ ಇದೆ, ಆದರೆ ಎಕ್ಸ್‌ಟಿ4 ಲೇಬಲ್‌ಗೆ ಇರುವುದು 16 ಬೈಟ್, ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. ‘ರಾಯಚೂರು’ ಎಂದು ಬರೆದರೆ ದೀರ್ಘ, ಕೊಂಬುಗಳೂ ಸೇರಿ ಏಳು ಚಿಹ್ನೆ, 21 ಬೈಟ್. ಅಷ್ಟರಲ್ಲಿ ಹಿಡಿಯದು.

ಈಗ ಕೆಳಗಡೆ ನೋಡಿ: ಎರಡು ಸಾಲುಗಳು ಕಾದು ಕುಳಿತಿವೆ. ಇಲ್ಲಿಯವರೆಗೆ ಡಿಸ್ಕಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಸಾಲುಗಳು ಒಂದೊಂದಾಗಿ ಮಾಯವಾಗುತ್ತವೆ. ಇಲ್ಲಿ ನಿಂತು ಸಾಲುಗಳನ್ನು ಬಾಯಿ ಬಿಟ್ಟು ಓದಿ. ‘ಕ್ರಿಯೇಟ್’ ಎಂಬ ಎರಡು ಸಾಲುಗಳಿಗಿಂತ ಹೆಚ್ಚಿಗೆ ಏನಾದರೂ ಇದ್ದರೆ, ಅದರಲ್ಲೂ ‘ಡಿಲೀಟ್’ ಅಥವಾ ‘ಮೂವ್’ ಎಂಬ ಪದ ಕಂಡರೆ, ಎಲ್ಲವನ್ನೂ ತೆಗೆದು ಮೊದಲಿನಿಂದ ಮಾಡಿ. ಸರಿ ಇದ್ದರೆ ಹಸಿರು ಟಿಕ್ ಒತ್ತಿ. ಎರಡನೆಯ ಕ್ಷಣ ಇದೇ. ಕೆಲವೇ ಸೆಕೆಂಡುಗಳಲ್ಲಿ ಎಸ್‌ಡಿಎ6, ಎಸ್‌ಡಿಎ7 ಹುಟ್ಟಿರುತ್ತವೆ.

ಇನ್‌ಸ್ಟಾಲರ್: ಮೂರನೆಯ ಕ್ಷಣ

ಈಗ ಡೆಸ್ಕ್‌ಟಾಪಿನ ಇನ್‌ಸ್ಟಾಲ್ ಚಿಹ್ನೆ ಒತ್ತಬಹುದು. ಇನ್‌ಸ್ಟಾಲೇಷನ್ ಟೈಪ್ ಎಂಬ ಪರದೆಯಲ್ಲಿ ಕೊನೆಯ ಆಯ್ಕೆಯಾದ ಸಮ್‌ಥಿಂಗ್ ಎಲ್ಸ್ ಆರಿಸಿ. ‘ಇರೇಸ್ ಡಿಸ್ಕ್’ ಎಂಬುದು ಹೇಳಿದಂತೆಯೇ ನಡೆದುಕೊಳ್ಳುವ ಆಯ್ಕೆ, ಅದು ವಿಂಡೋಸನ್ನೂ ಡಿ ಡ್ರೈವನ್ನೂ ಒಟ್ಟಿಗೆ ಒರೆಸುತ್ತದೆ.

ಪಟ್ಟಿಯಲ್ಲಿ ಎಸ್‌ಡಿಎ6ರ ಅಳತೆ 53687 ಎಂಬಿ ಎಂದು ಕಾಣುತ್ತದೆ. ನಾವು ಮಾಡಿದ್ದು 51200 ಅಲ್ಲವೇ ಎಂದು ಗಾಬರಿಯಾಗಬೇಡಿ. ಈ ಪರದೆ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ಜಿಪಾರ್ಟೆಡ್ 1024ರ ಲೆಕ್ಕದಲ್ಲಿ. ಜಾಗ ಅದೇ. ಅದನ್ನು ಆರಿಸಿ ಚೇಂಜ್ ಒತ್ತಿ: ಯೂಸ್ ಆ್ಯಸ್ ಎಂಬಲ್ಲಿ ಎಕ್ಸ್‌ಟಿ4, ಮೌಂಟ್ ಪಾಯಿಂಟ್ (/), ಫಾರ್ಮ್ಯಾಟ್ ಟಿಕ್ ಇರಲಿ. ಎಸ್‌ಡಿಎ7ಕ್ಕೆ /ಹೋಮ್. ಈ ಸಲ ಅದು ಹೊಸದು, ಟಿಕ್ ಇದ್ದರೂ ಇರದಿದ್ದರೂ ನಡೆಯುತ್ತದೆ. ಮುಂದೆಂದಾದರೂ ಮರುಸ್ಥಾಪಿಸುವಾಗ ಈ ಟಿಕ್ ಇರಲೇಬಾರದು.

100 ಎಂಬಿಯ ಎಸ್‌ಡಿಎ1 ಅನ್ನು ಇಎಫ್‌ಐ ಎಂದು ಇನ್‌ಸ್ಟಾಲರ್ ತಾನೇ ಗುರುತಿಸುತ್ತದೆ. ಅದಕ್ಕೆ ಫಾರ್ಮ್ಯಾಟ್ ಟಿಕ್ ಹಾಕಬೇಡಿ. ವಿಂಡೋಸ್ ಏಳುವ ಫೈಲುಗಳು ಇರುವುದು ಅಲ್ಲೇ. ಮಿಂಟ್ ಅದರೊಳಗೆ ತನ್ನ ಕೆಲವೇ ಎಂಬಿಗಳ ಗ್ರಬ್ (ಯಂತ್ರ ಎಬ್ಬಿಸುವ ಬೂಟ್‌ಲೋಡರ್) ಸೇರಿಸುತ್ತದೆ, ಹೊಸ ಇಎಫ್‌ಐ ಪಾರ್ಟಿಷನ್ ಬೇಕಿಲ್ಲ. ಬೂಟ್‌ಲೋಡರ್ ಸಾಧನ ಕೇಳುವಲ್ಲಿ ಎಸ್‌ಡಿಎ ಎಂದಿರಲಿ.

ಇನ್‌ಸ್ಟಾಲ್ ನೌ ಒತ್ತಿದರೆ ಒಂದು ಸಣ್ಣ ಕಿಟಕಿ ಎದ್ದು, ಯಾವ ಯಾವ ಪಾರ್ಟಿಷನ್‌ಗಳನ್ನು ಫಾರ್ಮ್ಯಾಟ್ ಮಾಡಲಾಗುವುದು ಎಂದು ಪಟ್ಟಿ ಕೊಡುತ್ತದೆ. ಅವಸರದವರು ಇದನ್ನು ಓದುವುದೇ ಇಲ್ಲ. ಅಲ್ಲಿ 6 ಮತ್ತು 7 ಬಿಟ್ಟು ಬೇರೆ ಅಂಕಿ ಇರಬಾರದು. 5 ಇದ್ದರೆ ಅದು ಗುಮಾಸ್ತರ ಡಿ ಡ್ರೈವ್. ಗೋ ಬ್ಯಾಕ್ ಒತ್ತಿ. ಸರಿ ಇದ್ದರೆ ಕಂಟಿನ್ಯೂ. ಮೂರನೆಯ ಕ್ಷಣವೂ ದಾಟಿತು. ಉಳಿದದ್ದು ಕೋಲ್ಕತ್ತಾ ಸಮಯವಲಯ ಆರಿಸುವುದು, ಹೆಸರು, ಪಾಸ್‌ವರ್ಡ್.

ವಿಂಡೋಸ್ ಬೇಡವೇ ಬೇಡ ಎನ್ನುವವರಿಗೆ, ಹಳೆಯ ಬಯಾಸ್ ಇರುವವರಿಗೆ

ಇಡೀ ಡಿಸ್ಕ್ ಲಿನಕ್ಸಿಗೇ ಆದರೆ ಜಿಪಾರ್ಟೆಡ್‌ನ ಡಿವೈಸ್ ಮೆನುವಿನಲ್ಲಿ ಹೊಸ ಪಾರ್ಟಿಷನ್ ಟೇಬಲ್ ಮಾಡಿ, ವಿಧ ಜಿಪಿಟಿ. ಮೊದಲು 512 ಎಂಐಬಿಯ ಫ್ಯಾಟ್32 ಪಾಲು ಮಾಡಿ, ಅಪ್ಲೈ ಆದ ಮೇಲೆ ಮ್ಯಾನೇಜ್ ಫ್ಲ್ಯಾಗ್ಸ್‌ನಲ್ಲಿ ಇಎಸ್‌ಪಿ (ಇಎಫ್‌ಐ ಪಾರ್ಟಿಷನ್ನಿನ ಗುರುತು) ಟಿಕ್ ಹಾಕಿ. ಆಮೇಲೆ ರೂಟ್, ಹೋಮ್ ಮೇಲಿನಂತೆ. ಲೆಗಸಿ ಬಯಾಸ್ ಯಂತ್ರದಲ್ಲಿ ಜಿಪಿಟಿ ಬಳಸಿದರೆ ಇಎಸ್‌ಪಿ ಬದಲು 1 ಎಂಐಬಿಯ ಫಾರ್ಮ್ಯಾಟ್ ಮಾಡದ ಪಾಲಿಗೆ ಬಯಾಸ್-ಗ್ರಬ್ ಫ್ಲ್ಯಾಗ್ ಕೊಡಬೇಕು. ಇನ್ನು ಜಿಪಿಟಿಗಿಂತ ಹಳೆಯ ವಿಧಾನವಾದ ಎಂಬಿಆರ್ ಇರುವ ಡಿಸ್ಕಿನಲ್ಲಿ ನಾಲ್ಕು ಪ್ರೈಮರಿ ಪಾಲುಗಳಿಗಿಂತ ಹೆಚ್ಚು ಬರುವುದಿಲ್ಲ. ನಾಲ್ಕೂ ತುಂಬಿದ್ದರೆ ಒಂದನ್ನು ಖಾಲಿ ಮಾಡಿ ಎಕ್ಸ್‌ಟೆಂಡೆಡ್ ಮಾಡಿಕೊಂಡು ಅದರೊಳಗೆ ಲಾಜಿಕಲ್ ಪಾಲುಗಳನ್ನು ಮಾಡಬೇಕು. 2 ಟಿಬಿಗಿಂತ ದೊಡ್ಡ ಡಿಸ್ಕಿಗೆ ಎಂಬಿಆರ್ ಕೆಲಸಕ್ಕೆ ಬಾರದು.

ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣದಿದ್ದರೆ ಯಂತ್ರದ ಸೆಟಪ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ (ಇಂಟೆಲ್‌ನ ಡಿಸ್ಕ್ ನಿಯಂತ್ರಣ ವ್ಯವಸ್ಥೆಗಳು) ಚಾಲೂ ಇದೆಯೇ ನೋಡಿ. ವಿಂಡೋಸ್ ಉಳಿಸಿಕೊಂಡಿರುವಾಗ ಅದನ್ನು ಹಾಗೆಯೇ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು, ಮೊದಲು ಅದರ ಡ್ರೈವರ್ ವ್ಯವಸ್ಥೆ ಮಾಡಬೇಕು.

ಎದ್ದ ಮೇಲೆ

ಯಂತ್ರ ನೇರ ವಿಂಡೋಸಿಗೇ ಹೋದರೆ ಏನೂ ಕೆಟ್ಟಿಲ್ಲ. ಸೆಟಪ್‌ನ ಬೂಟ್ ಕ್ರಮದಲ್ಲಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತನ್ನಿ. ಮಿಂಟ್ ತನ್ನನ್ನು ಅಲ್ಲಿ ಆ ಹೆಸರಿನಿಂದಲೇ ದಾಖಲಿಸಿಕೊಳ್ಳುತ್ತದೆ.

ಡಿ ಡ್ರೈವ್ ಪ್ರತಿ ಸಲ ತಾನಾಗಿ ತೆರೆದುಕೊಳ್ಳಲು ಡಿಸ್ಕ್ಸ್ ಸಾಧನದಲ್ಲಿ ಆ ಪಾಲನ್ನು ಆರಿಸಿ, ಹಲ್ಲುಗಾಲಿಯ ಚಿಹ್ನೆಯಡಿ ಎಡಿಟ್ ಮೌಂಟ್ ಆಪ್ಷನ್ಸ್ ತೆರೆದು, ಡೀಫಾಲ್ಟ್ ಸ್ವಿಚ್ ಆಫ್ ಮಾಡಿಬಿಡಿ. ಅಲ್ಲಿ ‘ನೋಫೇಲ್’ ಎಂಬ ಪದ ಇರುವುದನ್ನು ತೆಗೆಯಬೇಡಿ; ಅದಿದ್ದರೆ ಡಿ ಡ್ರೈವ್‌ಗೆ ಏನಾದರೂ ಆದ ದಿನವೂ ಲಿನಕ್ಸ್ ಏಳುವುದು ನಿಲ್ಲುವುದಿಲ್ಲ.

ಎಕ್ಸ್‌ಟಿ4 ತನ್ನ ಜಾಗದಲ್ಲಿ ಶೇ. 5ರಷ್ಟನ್ನು ರೂಟ್ ಬಳಕೆದಾರನಿಗೆಂದು (ಯಂತ್ರದ ಪೂರ್ಣ ಅಧಿಕಾರವಿರುವ ಖಾತೆ) ಕಾದಿಡುತ್ತದೆ. ರೂಟ್ ಪಾಲಿನಲ್ಲಿ ಅದು ಇರಲಿ. 100 ಜಿಐಬಿಯ ಹೋಮ್‌ನಲ್ಲಿ 5 ಜಿಐಬಿ ಸುಮ್ಮನೆ ಕಟ್ಟಿಡುವುದು ದುಂದು. ‘ಸುಡೊ ಟ್ಯೂನ್2ಎಫ್‌ಎಸ್ -ಎಂ 1’ ಎಂದು ಬರೆದು ಮುಂದೆ ಎಸ್‌ಡಿಎ7ರ ಪೂರ್ಣ ವಿಳಾಸ (/ಡೆವ್/ಎಸ್‌ಡಿಎ7) ಕೊಟ್ಟರೆ ಅದು ಶೇ. 1ಕ್ಕೆ ಇಳಿಯುತ್ತದೆ. ಫೈಲುಗಳಿಗೆ ಏನೂ ಆಗುವುದಿಲ್ಲ. ಮಿಂಟ್‌ನ ಟೈಮ್‌ಶಿಫ್ಟ್ ಸಾಧನಕ್ಕೆ ಸ್ನ್ಯಾಪ್‌ಶಾಟ್‌ಗಳನ್ನು ಇಡುವ ಜಾಗವಾಗಿ ಎಸ್‌ಡಿಎ7 ಅನ್ನೇ ತೋರಿಸಿ, ಎರಡು ಮೂರಕ್ಕಿಂತ ಹೆಚ್ಚು ಉಳಿಸದಂತೆ ಮಿತಿ ಹಾಕಿ. ಇಲ್ಲದಿದ್ದರೆ ರೂಟ್‌ನ 50 ಜಿಐಬಿಯನ್ನು ಅದೊಂದೇ ನುಂಗಿ ಕುಳಿತಿರುತ್ತದೆ.

ಇನ್ನೊಂದು ಉಳಿದಿದೆ. ಲಿನಕ್ಸಿನಿಂದ ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ತಾಸು ಹಿಂದೆ ಇರುತ್ತದೆ, ಏಕೆಂದರೆ ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುತ್ತದೆ. ಮಧ್ಯಾಹ್ನದ ಬಿಲ್ಲಿಗೆ ಬೆಳಗಿನ ಹೊತ್ತು ಬಿದ್ದರೆ ಗುಮಾಸ್ತರು ಸುಮ್ಮನಿರುವುದಿಲ್ಲ. ಮಿಂಟ್‌ನ ಟರ್ಮಿನಲ್‌ನಲ್ಲಿ ಒಮ್ಮೆ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟುಬಿಡಿ.